ಅಜ್ಜಿ ಹೇಳಿ ಕಳಿಸಿದ್ದು

ನಮ್ಮ ಚೌಕಟ್ಟಿನ ಅಂಗಡಿಗೆ ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಅಪ್ಪ ಮತ್ತು ನಾನು. ಬಂದವರ ಕೈಯಿಂದ ಫೋಟೋ, ಪ್ರಶಸ್ತಿಪತ್ರ, ಮಕ್ಕಳು ಬಳಿದ ಬಣ್ಣದ ಚಿತ್ರ ಇಸಿದುಕೊಂಡು ಅಳತೆ ಹಿಡಿಯುವುದು, ಮರದ ಪಟ್ಟಿಯ ಮಾದರಿಗಳನ್ನು ಅಂಚಿಗೆ ಇಟ್ಟು ತೋರಿಸುವುದು, ಅವರು ಮನಸ್ಸು ಬದಲಾಯಿಸುವುದನ್ನು ಕಾಯುವುದು ನಮ್ಮ ಪಾಲು. ಹಿಂದಿನ ಕೋಣೆ ದೊಡ್ಡಪ್ಪನದು. ಅಲ್ಲಿ ಗರಗಸ, ಅಂಟಿನ ಡಬ್ಬಿ, ಗೋಡೆಗೆ ಒರಗಿಸಿಟ್ಟ ಗಾಜು, ಎಲ್ಲದರ ಮೇಲೂ ಮರದ ಹೊಟ್ಟಿನ ತೆಳುವಾದ ಪದರ. ನಡುಗೋಡೆಯಲ್ಲಿ ಒಂದು ಕಿಂಡಿ. ಚಿತ್ರಗಳು ಆ ಕಿಂಡಿಯಿಂದ ಬರಿಮೈಯಲ್ಲಿ ಒಳಗೆ ಹೋಗಿ, ಚೌಕಟ್ಟು ತೊಟ್ಟುಕೊಂಡು ಹೊರಗೆ ಬರುತ್ತವೆ.

ಮೊದಲು ಮಾತೂ ಅದೇ ಕಿಂಡಿಯಲ್ಲಿ ಓಡಾಡುತ್ತಿತ್ತು. "ಅಣ್ಣಾ, ಈ ಮೇಷ್ಟ್ರಿಗೆ ಸಂಜೆಗೇ ಬೇಕಂತೆ, ಒಂಚೂರು ನೋಡ್ತೀಯಾ?" ಎಂದು ಅಪ್ಪ ಕೇಳಿದರೆ, "ಅವಸರ ಮಾಡಿದ್ರೆ ಮೂಲೆ ಬಾಯಿ ಬಿಡುತ್ತೆ ಅಂತ ಹೇಳು. ಬಾಯಿ ಬಿಡೋ ಹುಡುಗರು ಅವರ ಹತ್ರ ಬೇಕಾದಷ್ಟು ಇದಾರೆ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಮೇಷ್ಟರೂ ನಗುತ್ತಿದ್ದರು. ನಾನಂತೂ ಕಿಂಡಿಗೆ ಗಲ್ಲ ಆನಿಸಿ, ಬಂದ ಫೋಟೋಗಳಿಗೆಲ್ಲ ಕತೆ ಕಟ್ಟಿ ಹೇಳುವವಳು. ಮೀಸೆಯ ಮುದುಕ ಹಡಗಿನಲ್ಲಿ ಓಡಿಹೋದದ್ದು, ಸಾಲಿನ ಕೊನೆಯಲ್ಲಿ ನಿಂತ ಹುಡುಗಿ ಮುಂದೆ ಮೋಡವಾದದ್ದು. ದೊಡ್ಡಪ್ಪ ಗರಗಸ ನಿಲ್ಲಿಸಿ ಕೇಳುತ್ತಿದ್ದರು. "ಗುಬ್ಬಕ್ಕಾ, ಅಮ್ಮನ ಕತೆ ಚೀಲ ನಿನ್ನ ಕೈಗೆ ಬಂದ್ಬಿಟ್ಟಿದೆ" ಎನ್ನುತ್ತಿದ್ದರು. ಅವರ ಅಮ್ಮ ಎಂದರೆ ನನ್ನ ಅಜ್ಜಿ. ನನ್ನನ್ನು ಬೆಳೆಸಿದ್ದು ಅರ್ಧ ಅನ್ನ, ಅರ್ಧ ಅವಳ ಕತೆ.

ಹೋದ ವರ್ಷ ಒಂದು ಕೆಟ್ಟ ಜ್ವರ ಬಂದು ಹೋಗುವಾಗ ದೊಡ್ಡಪ್ಪನ ಎರಡೂ ಕಿವಿ ತೆಗೆದುಕೊಂಡು ಹೋಯಿತು. ಯಂತ್ರ ಹಾಕಿದರೂ ಪ್ರಯೋಜನವಿಲ್ಲ ಎಂದರು ಡಾಕ್ಟರು. ನಾವೆಲ್ಲ ಅತ್ತೆವು. ದೊಡ್ಡಪ್ಪ ಮಾತ್ರ, "ಕಿವುಡನ ಮುಂದೆ ಕಿನ್ನರಿ ಅಂತಾರಲ್ಲ, ಕಿವುಡ ಸಿದ್ಧ ಇದಾನೆ, ಕಿನ್ನರಿ ಎಲ್ರೋ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಆಗಲೇ ಗೊತ್ತಾಗುತ್ತಿರಲಿಲ್ಲ.

ಅಪ್ಪ ಒಂದು ಸಣ್ಣ ಬಿಳಿ ಹಲಗೆ ತಂದು ಕಿಂಡಿಯ ಮೊಳೆಗೆ ತೂಗುಹಾಕಿದರು. ಒರೆಸಲು ಒಂದು ಬಟ್ಟೆ, ದಾರಕ್ಕೆ ಕಟ್ಟಿದ ಪೆನ್ನು. ಬರೆದು, ಗುಂಡಿ ಒತ್ತಿದರೆ ಒಳಗೆ ಪುಟ್ಟ ದೀಪ ಹತ್ತುತ್ತದೆ. ದೊಡ್ಡಪ್ಪ ತಿರುಗಿ ಓದಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ನಾವು ಗಿರಾಕಿಯ ಕಡೆ ತಿರುಗಿರುತ್ತೇವೆ.

ಮೊದಮೊದಲು ಹಲಗೆ ತುಂಬ ಬರೆಯುತ್ತಿದ್ದೆವು. ಆಮೇಲೆ ಮಾತು ಸೊರಗಿತು. ಜಾಗ ಸಣ್ಣದು, ಕೈ ನೋವು, ಗಿರಾಕಿ ಕಾಯುತ್ತಾನೆ. "ಕಪ್ಪು ಪಟ್ಟಿ. ಬೇಗ." "ತಪ್ಪು. ಮತ್ತೆ." "ಇದಲ್ಲ." "ಗಾಜು ಎಲ್ಲಿ?" ಬಾಯಲ್ಲಿ ದೊಡ್ಡಪ್ಪಾ ಎನ್ನದೆ ಒಂದು ಮಾತೂ ಶುರು ಮಾಡದ ನಾನು ಹಲಗೆಯಲ್ಲಿ ಒಮ್ಮೆಯೂ ಆ ಪದ ಬರೆಯಲಿಲ್ಲ. ಯಾರಿಗೆ ಬರೆದದ್ದು ಎಂದು ಅವರಿಗೇ ಗೊತ್ತಲ್ಲ, ಹಿಂದಿನ ಕೋಣೆಯಲ್ಲಿ ಬೇರೆ ಯಾರಿದ್ದಾರೆ, ಎನ್ನುವುದು ನನ್ನ ಲೆಕ್ಕ. ಕತೆಗಳನ್ನು ಬರೆಯುವ ಮಾತೇ ಇರಲಿಲ್ಲ. ಅವನ್ನೆಲ್ಲ ನನ್ನೊಳಗೇ ಹೇಳಿಕೊಳ್ಳುತ್ತ, ಹೊರಗೆ "ಬೇಗ" ಎಂದು ಬರೆಯುತ್ತಿದ್ದೆ.

ಒಂದು ಬೆಳಗ್ಗೆ ಎದುರು ಸಾಲಿನ ಕ್ಷೌರದ ಅಂಗಡಿಯವನು ಬಂದ. ಬೀದಿಯಲ್ಲಿ ಅವನಿಗೆ ಕತ್ತರಿ ಎಂದೇ ಹೆಸರು. ಕೂದಲಿಗಿಂತ ಹೆಚ್ಚಾಗಿ ಮಾತು ಕತ್ತರಿಸುತ್ತಾನೆ. ಅವತ್ತು ಮಾತ್ರ ಮೆಲ್ಲಗೆ ಒಂದು ಹಳೆಯ ಬಟ್ಟೆ ಬಿಚ್ಚಿದ. ಅದರ ಮೇಲೆ ಅವನ ತೀರಿಕೊಂಡ ತಾಯಿ ದಾರದಲ್ಲಿ ಹೊಲಿದ ಒಂದು ಹಡಗು.

"ಅಮ್ಮ ಸಮುದ್ರ ನೋಡಿದೋಳೇ ಅಲ್ಲ" ಎಂದ. "ಅದಕ್ಕೇ ಹಡಗಿಗೆ ಕಿಟಕಿ ಪರದೆ ಎಲ್ಲ ಇಟ್ಟಿದಾಳೆ, ನೋಡು."

ನಾನು ಅಳತೆ ಬರೆಯಲು ಹಲಗೆ ತೆಗೆದೆ. "ತಾಳು ತಾಯಿ, ನಾನೇ ಹೇಳ್ತೀನಿ ಅಣ್ಣಂಗೆ" ಎಂದು ಇಸಿದುಕೊಂಡ. ತುಟಿ ಕಚ್ಚಿಕೊಂಡು ತುಂಬ ಹೊತ್ತು ಬರೆದ. ಮುಗಿಸಿ ದೀಪದ ಗುಂಡಿ ಒತ್ತಿದ. ನಮ್ಮ ಹಾಗೆ ತಿರುಗಿಕೊಳ್ಳದೆ, ಕಿಂಡಿಯ ಎದುರಿಗೇ ಕೈ ಕಟ್ಟಿ ನಿಂತ. ದೊಡ್ಡಪ್ಪ ಬಂದು ಗಟ್ಟಿಯಾಗಿ ಓದಿದರು.

"ಅಣ್ಣಾವರಿಗೆ ನಮಸ್ಕಾರ. ಇದು ನಮ್ಮಮ್ಮನ ಕೈಕೆಲಸ. ಬಟ್ಟೆ ಹಳೇದು, ಎಳೆದರೆ ಹರಿಯಬಹುದು. ನಿಮ್ಮ ಕೈಗೆ ಒಪ್ಪಿಸಿದ್ದೇನೆ, ನಿಧಾನವಾಗಿಯೇ ಆಗಲಿ. ನಿಮ್ಮ ಮೊಣಕೈ ನೋವು ಈಗ ಹೇಗಿದೆ?"

ಕೊನೆಯ ಸಾಲನ್ನು ಎರಡನೆಯ ಸಲ ಓದಿದರು. "ಪರವಾಗಿಲ್ಲಪ್ಪ, ಚಳಿಗೆ ಸ್ವಲ್ಪ ಕಾಡುತ್ತೆ" ಎಂದರು. ಆಮೇಲೆ ಆ ಹಡಗಿನ ಬಗ್ಗೆ, ಬಟ್ಟೆಯನ್ನು ಅಂಟು ಮುಟ್ಟಿಸದೆ ಹೊಲಿದು ಕೂರಿಸುವ ಬಗ್ಗೆ, ಮಾತಾಡಿದ್ದೇ ಮಾತಾಡಿದ್ದು. ಅಷ್ಟು ಮಾತನ್ನು ನಾನು ಅವರ ಬಾಯಲ್ಲಿ ಕೇಳಿ ತಿಂಗಳುಗಳೇ ಆಗಿದ್ದವು ಎಂದು ನನಗೆ ಆಗ ಹೊಳೆಯಲಿಲ್ಲ. ನಾನು ಪರದೆ ಕಟ್ಟಿದ ಹಡಗಿನಲ್ಲಿ ಎಲ್ಲೋ ಹೊರಟುಹೋಗಿದ್ದೆ.

ದೊಡ್ಡಪ್ಪ ಹಲಗೆಯನ್ನು ಮತ್ತೆ ಮೊಳೆಗೆ ಹಾಕಲಿಲ್ಲ. ಒಳಗೆ ಕೊಂಡೊಯ್ದು, ತಮ್ಮ ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟುಕೊಂಡರು.

ಮಧ್ಯಾಹ್ನ ಅಂಗಡಿ ತುಂಬಿತು. ಯಾವುದೋ ಕಚೇರಿಯವರು ನಿವೃತ್ತರಾಗುವ ಅಧಿಕಾರಿಯ ಫೋಟೋ ತಂದು ಬಾಗಿಲಲ್ಲೇ ಕಾರು ನಿಲ್ಲಿಸಿಕೊಂಡು ನಿಂತರು. ಮೊಳೆಯಲ್ಲಿ ಹಲಗೆ ಇಲ್ಲ. ನಾನು ಒಳಗೆ ನುಗ್ಗಿ, ಒರಗಿಸಿಟ್ಟಿದ್ದ ಹಲಗೆ ಎತ್ತಿ, ಬಟ್ಟೆಯಿಂದ ಒಂದೇ ಏಟಿಗೆ ಒರೆಸಿ, ಅವರ ಎದುರಿಗೇ ಬರೆದೆ: "ಗಾಜು ಬೇಗ. ಕಾಯ್ತಿದ್ದಾರೆ."

ದೊಡ್ಡಪ್ಪ ಹಲಗೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದರು. ಅದರಲ್ಲಿ ಕತ್ತರಿಯ ಅಕ್ಷರಗಳ ಮಸಿ.

"ಆಯ್ತು ಮೇಡಂ" ಎಂದರು.

ತಮಾಷೆ ಎಂದುಕೊಂಡು ನಕ್ಕೆ. ನಕ್ಕುಕೊಂಡೇ ಹೊರಗೆ ಬಂದೆ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವಾಗ ದೊಡ್ಡಪ್ಪ ಗಾಜು ಕೊಯ್ಯುವ ಚಾಕು, ಮೂಲೆ ಅಳೆಯುವ ಕೋಲು, ಸಣ್ಣ ಸುತ್ತಿಗೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅಪ್ಪನನ್ನು ನೋಡಿ, "ಬರೋ ವಾರದಿಂದ ನಾನು ಬರಲ್ಲಪ್ಪ. ಆಚೆ ಬೀದಿ ಕನ್ನಡಿ ಅಂಗಡಿಯವನು ಎಷ್ಟೋ ದಿನದಿಂದ ಕರೀತಿದ್ದ. ನಿನ್ನೆ ಸಂಜೆ ಹೂಂ ಅಂದೆ" ಎಂದರು.

ಅಪ್ಪ ಕೂಗಾಡಿದರು. ಹುಟ್ಟಿದಾಗಿನಿಂದ ಜೊತೆಗಿದ್ದವನು ಹೀಗೆ ನಡುನೀರಲ್ಲಿ ಕೈಬಿಡುವುದೇ, ಯಾರು ಏನೆಂದರು, ಎಂದೆಲ್ಲ. ದೊಡ್ಡಪ್ಪ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಕಡೆಗೆ ಅಪ್ಪನಿಗೆ ನೆನಪಾಗಿ, ಹಲಗೆ ಎಳೆದುಕೊಂಡು ಬರೆದು ಹಿಡಿದರು.

"ಯಾಕೆ?" ಎಂದು ದೊಡ್ಡಪ್ಪ ಓದಿದರು. ಸಣ್ಣಗೆ ನಕ್ಕರು. "ನೋಡು, ಬಾಯಲ್ಲಿ ಇಷ್ಟು ಹೊತ್ತು ಏನೇನೋ ಅಂದೆ. ನಂಗೆ ಬಂದಿದ್ದು ಇಷ್ಟೇ."

ಅಪ್ಪ ಹಲಗೆ ಒರೆಸಿ ಮತ್ತೆ ಪೆನ್ನು ಎತ್ತಿದರು.

"ಸಿಟ್ಟಿಲ್ಲ ಕಣೋ" ಎಂದರು ದೊಡ್ಡಪ್ಪ. ದನಿ ಬೀದಿಗೆ ಕೇಳುವಷ್ಟಿತ್ತು, ಆದರೆ ಮಾತು ಮೆತ್ತಗಿತ್ತು. "ನೀವು ನಗ್ತಾ ಬರೀತೀರೋ ಬೈತಾ ಬರೀತೀರೋ ನಂಗೇನು ಗೊತ್ತು. ದೀಪ ಹತ್ತುತ್ತೆ, ತಿರುಗಿ ನೋಡ್ತೀನಿ, ನಿಮ್ಮ ಬೆನ್ನು ಕಾಣುತ್ತೆ. ತಪ್ಪು, ಮತ್ತೆ, ಬೇಗ. ಮೊದಮೊದಲು ಅವಸರ ಅಂದ್ಕೊಂಡೆ. ಆಮೇಲೆ ಇವರಿಗೆ ನಾನು ಭಾರ ಆಗಿದೀನಿ ಅಂದ್ಕೊಂಡೆ. ನಿಮ್ಮನ್ನು ಬಿಡು, ಅಮ್ಮಂಗೂ ನನ್ನ ಹತ್ರ ಆಡೋಕೆ ಮಾತಿಲ್ಲ. ದಿನಾ ಅದೇ ಎರಡು ಪದ, 'ಊಟ ಆಯ್ತಾ, ಅಜ್ಜಿ ಕೇಳಿದ್ರು.' ಕನ್ನಡಿ ಅಂಗಡೀಲಿ ನಾನು ಹೊರಗಿನವನು. ಹೊರಗಿನವನಿಗೆ ಅಷ್ಟೇ ಬರೆದ್ರೆ ನೋವಾಗಲ್ಲ."

ಅಜ್ಜಿಯ ಮಾತು ಬಂದಾಗ ನಾನು ಮುಖ ತಗ್ಗಿಸಿ ಹಲಗೆ ಒರೆಸುವ ಬಟ್ಟೆ ಮಡಚತೊಡಗಿದೆ. ಅಪ್ಪ ಅದನ್ನು ಗಮನಿಸಲಿಲ್ಲ. ಸ್ಟೂಲಿನ ಮೇಲೆ ಕುಸಿದು, "ಅಣ್ಣ ಅನ್ನೋದು ಅಷ್ಟು ಉದ್ದದ ಪದ ಏನಲ್ಲ ಅಲ್ವೇನೇ" ಎಂದರು, ನನಗೋ ತಮಗೋ.

ನಾನು ಚಹಾ ತರುತ್ತೇನೆಂದು ಸುಳ್ಳು ಹೇಳಿ ಮನೆಗೆ ಓಡಿದೆ.

ಅಜ್ಜಿ ನಮ್ಮ ಮನೆಯಲ್ಲಿದ್ದಾಳೆ. ದೊಡ್ಡಪ್ಪ ಇರುವುದು ಅಂಗಡಿಯ ಮೇಲಿನ ಕೋಣೆಯಲ್ಲಿ. ಅಷ್ಟು ಮೆಟ್ಟಿಲು ಹತ್ತುವ ಕಾಲು ಅಜ್ಜಿಗಿಲ್ಲ. ಅಕ್ಷರವೂ ಬರುವುದಿಲ್ಲ. ಹಾಗಾಗಿ ದಿನಾ ಬೆಳಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಮಗನಿಗೆ ಹೇಳಿ ಕಳಿಸುತ್ತಾಳೆ. ರಜೆಯ ದಿನ ಅವರು ಬಂದರೆ ಇಬ್ಬರೂ ಕೈ ಹಿಡಿದು ಕೂತಿರುತ್ತಾರೆ, ಅಷ್ಟೆ.

ಅವಳ ಹತ್ತಿರ ಪ್ರತಿ ತಪ್ಪಿಗೂ ಒಂದು ಕತೆ ಇದೆ. ತಪ್ಪು ಮಾಡಿದವಳು ಮೀನೋ ಮರವೋ ಆಗಿ, ಯಾರೋ ನೀರು ಚಿಮುಕಿಸಿದಾಗ ಮತ್ತೆ ಹುಡುಗಿಯಾಗಿ ಮನೆಗೆ ಬರುತ್ತಾಳೆ. ನನಗೆ ಅಂಥದ್ದೊಂದು ಬೇಕಾಗಿತ್ತು. ಅವಳ ಮಂಚದ ಕೆಳಗೆ ಕುಳಿತು, ದೊಡ್ಡಪ್ಪ ಹೊರಟಿರುವುದನ್ನು ಹೇಳಿದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅವನಿಗೂ ಬಿಗುಮಾನ ಕಣೆ" ಎಂದಳು. "ನಾನು ದಿನಾ ಅಷ್ಟು ಹೇಳಿ ಕಳಿಸ್ತೀನಿ, ಒಂದಕ್ಕಾದ್ರೂ ತಿರುಗಿ ಉತ್ತರ ಕಳಿಸಿದಾನಾ? ಮೊನ್ನೆ ಬಾಗಿಲ ಚಿಲಕದ ವಿಷಯ ಹೇಳಿದ್ದೆ. ಅವರಪ್ಪನ ಕನಸು ಬಿದ್ದಿದ್ದು ಹೇಳಿದ್ದೆ. ಬಂದು ಕೂತ್ರೆ ಮಣ್ಣಿನ ಬೊಂಬೆ ಹಂಗೆ ಕೂತಿರ್ತಾನೆ. ಕಿವಿ ಹೋದ್ರೆ ಮನಸ್ಸೂ ಹೋಗುತ್ತಾ? ನಾನೂ ಎಷ್ಟು ದಿನ ಅಂತ ನುಂಗ್ಕೊಳ್ಳಲಿ."

ನಾನು ನೆಲ ನೋಡುತ್ತಿದ್ದೆ.

"ಅಷ್ಟೂ ಬರೀತೀಯಲ್ಲ?" ಎಂದಳು.

ಸುಳ್ಳಿಗೆ ಅಲ್ಲಿ ಜಾಗವಿತ್ತು. ಬರೆಯುತ್ತೇನೆ ಎಂದಿದ್ದರೆ ನಂಬುತ್ತಿದ್ದಳು, ಅವಳಿಗೆ ಓದಲು ಬಾರದು. ಅದು ಹೊಳೆದದ್ದಕ್ಕೇ ನನಗೆ ಮತ್ತಷ್ಟು ಹೇಸಿಗೆಯಾಯಿತು.

"ಇಲ್ಲಜ್ಜಿ" ಎಂದೆ. "ಊಟ ಆಯ್ತಾ ಅಂತ ಬರೀತಿದ್ದೆ."

"ಮಿಕ್ಕಿದ್ದು?"

"ಅಷ್ಟೇ ಅಜ್ಜಿ."

"ಕನಸು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅಜ್ಜಿ ಬೈಯಲಿಲ್ಲ. ಹೊದೆದ ಶಾಲಿನ ಅಂಚನ್ನು ಮಡಚುತ್ತ, ಬಿಚ್ಚುತ್ತ ಕುಳಿತಳು. ಅವಳು ಒಳಗೇ ಏನನ್ನು ಹಿಂದೆ ಹಿಂದೆ ಹೋಗಿ ನೋಡುತ್ತಿದ್ದಳೆಂದು ನನಗೆ ಗೊತ್ತಾಗುತ್ತಿತ್ತು: ಒಂದೊಂದು ಬೆಳಗ್ಗೆ, ಒಂದೊಂದು ಮಾತು, ನನ್ನ ಚಪ್ಪಲಿಯ ಹತ್ತಿರವೇ ಬಿದ್ದುಹೋದದ್ದು. ಕತೆ ಹೇಳು ಎನ್ನುವ ಬಾಯಿ ನನಗೆ ಬರಲಿಲ್ಲ.

"ಕಾಗದ ತಗೊಂಬಾ" ಎಂದಳು ಕಡೆಗೆ. "ನಾನು ಅಂದಿದ್ದು ಅಂದ ಹಂಗೆ ಬರಿ. ನಿನ್ನ ಬುದ್ಧಿ ಸೇರಿಸಬೇಡ, ಕಳೀಬೇಡ."

ಬರೆದೆ. ಅವಳ ಉಸಿರು ನಿಂತಲ್ಲಿ ನಿಲ್ಲಿಸಿ, ಹೊರಟಲ್ಲಿ ಹೊರಟು ಬರೆದೆ. ನಡುವೆ ಒಂದು ಕಡೆ ಮಾತ್ರ ಅವಳು ನನ್ನ ಬಗ್ಗೆ ಹೇಳಿದಳು. ಪೆನ್ನು ಅಲ್ಲಿ ತಡೆಯಿತು. ನಾನು ಬರೆಯುವವಳ ಹಾಗೆ ಕೈಯಾಡಿಸಿ ಮುಂದಿನ ಮಾತಿಗೆ ಹೋದೆ.

ಅಂಗಡಿಗೆ ಬಂದಾಗ ಅಪ್ಪ ಹಲಗೆಯ ತುಂಬ ಏನೋ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದರು. ನಾನು ಹಿಂದಿನ ಕೋಣೆಗೆ ಹೋಗಿ, ದೊಡ್ಡಪ್ಪನ ಎದುರಿಗೆ ನಿಂತು ಕಾಗದ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಗಟ್ಟಿಯಾಗಿಯೇ ಓದಿದರು, ಮುಂದಿನ ಕೋಣೆಯ ಗಿರಾಕಿಗಳು ಮಾತು ನಿಲ್ಲಿಸಿದರು.

"ಮಗಾ, ಕಿವಿ ಹೋದ್ಮೇಲೆ ದಿನಾ ಬೆಳಗ್ಗೆ ನಿಂಗೆ ಹೇಳಿ ಕಳಿಸ್ತಾ ಇದ್ದೆ. ಒಂದೂ ನಿನ್ನ ತನಕ ಬಂದಿಲ್ಲ ಅಂತ ಇವತ್ತು ಗೊತ್ತಾಯ್ತು. ನಿಂಗೆ ಬಿಗುಮಾನ ಅಂತ ನಾನಂದ್ಕೊಂಡೆ, ನಾನು ಬತ್ತಿಹೋದೆ ಅಂತ ನೀನಂದ್ಕೊಂಡೆ. ಗಾಜು ಒಬ್ಬನೇ ಎತ್ತಬೇಡ. ಮಲಗೋ ಮುಂಚೆ ಚಿಲಕ ನೋಡ್ಕೋ, ಯಾರಾದ್ರೂ ಬಾಗಿಲು ಬಡಿದ್ರೂ ನಿಂಗೆ ಗೊತ್ತಾಗಲ್ಲ ಅಂತ ನಂಗೆ ನಿದ್ದೆ ಹತ್ತಲ್ಲ. ನಿಮ್ಮಪ್ಪ ಕನಸಲ್ಲಿ ಬಂದು ದೊಡ್ಡೋನು ಹೆಂಗಿದಾನೆ ಅಂದ್ರು. ಅವನನ್ನೇ ಕೇಳಿ ಹೇಳ್ತೀನಿ ಅಂದೆ. ಏನು ಹೇಳಲಿ?"

ಮುಗಿಸಿ, ಕಾಗದದ ಹಿಂಬದಿ ತಿರುಗಿಸಿ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಇದು ಅಮ್ಮ ಅಂದಿದ್ದಾ, ನೀನು ಕಟ್ಟಿದ್ದಾ?"

ನಾನು ಎದೆ ಮುಟ್ಟಿಕೊಂಡು, ಕೈ ಮುಗಿದು, ಅಜ್ಜಿಯದೇ ಎಂದು ಬಾಯಲ್ಲೂ ಸನ್ನೆಯಲ್ಲೂ ಹೇಳಿದೆ.

"ನೀನು ಕತೆ ಕಟ್ಟೋಳು" ಎಂದರು. ಕೊಂಕು ಅದರಲ್ಲಿ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. "ನಿನ್ನೆ ತನಕ ಅಮ್ಮನ ಬಾಯಲ್ಲಿ ಎರಡು ಪದ. ಇವತ್ತು ನಾನು ಹೊರಡ್ತೀನಿ ಅಂದ ತಕ್ಷಣ ಇಷ್ಟು. ಯಾವುದು ಅಂತ ನಂಬಲಿ?"

ಗಿರಾಕಿಗಳ ಮುಂದೆ ಹಾದು ನಾನು ಹೊರಗೆ ಬರಬೇಕಾಯಿತು. ಅವರು ದಾರಿ ಬಿಟ್ಟ ರೀತಿ ನೋಡಿದರೆ ನನಗೆ ಏನೋ ಅಂಟುರೋಗ ಇದ್ದಂತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರೆ. ಬಿಡಲಿಲ್ಲ. ಬೀದಿಯ ಕಲ್ಲುಹಾಸು ಗಟ್ಟಿಯಾಗಿಯೇ ಇತ್ತು.

ಸಂಜೆ ದೊಡ್ಡಪ್ಪ ಮನೆಗೆ ಬಂದರು. ಕಾಗದ ಜೇಬಿನಲ್ಲಿತ್ತು. ಅದನ್ನು ತೆಗೆದು ಅಜ್ಜಿಯ ಮುಂದೆ ಹಿಡಿದು, "ಅಮ್ಮಾ, ಇದು ನೀನು ಹೇಳಿದ್ದಾ?" ಎಂದರು. ಅಪ್ಪ ಬಾಗಿಲ ಬಳಿ ನಿಂತಿದ್ದರು.

"ನಂಗೆ ಓದೋಕೆ ಬರುತ್ತಾ? ಓದೇ, ಕೇಳಿ ಹೇಳ್ತೀನಿ" ಎಂದಳು ಅಜ್ಜಿ.

ನಾನು ಇಬ್ಬರ ನಡುವೆ ಕುಳಿತು ಓದಿದೆ. ದೊಡ್ಡಪ್ಪನಿಗೆ ಕಾಣುವಂತೆ ಸಾಲಿನ ಕೆಳಗೆ ಬೆರಳು ಓಡಿಸಿದೆ. ಪ್ರತಿ ಮಾತಿಗೂ ಅಜ್ಜಿ ಹೂಂ ಎಂದು ತಲೆದೂಗಿದಳು. ದೊಡ್ಡಪ್ಪ ಕಾಗದ ಬಿಟ್ಟು ಅವಳ ತಲೆಯನ್ನೇ ನೋಡತೊಡಗಿದರು. ಚಿಲಕಕ್ಕೆ ಹೂಂ. ಕನಸಿಗೆ ಹೂಂ. ಅವಳ ಕೈ ಹಿಡಿದು, "ಚೆನ್ನಾಗಿದಾನೆ ಅಂತ ಹೇಳು ಅಪ್ಪಂಗೆ" ಎಂದರು. ಮೊದಲ ಬಾರಿಗೆ ಅವರ ದನಿ ಕೋಣೆಯೊಳಗೇ ಉಳಿಯಿತು.

"ಮುಗೀತಾ?" ಎಂದಳು ಅಜ್ಜಿ ನನಗೆ.

"ಮುಗೀತಜ್ಜಿ."

"ಒಂದು ಬಿಟ್ಟೆ."

ನಾನು ಕಾಗದ ಮಡಚತೊಡಗಿದೆ.

"ಕತೇಲಿ ಒಂದು ಮಾತು ಹಾರಿಸಿದ್ರೆ, ಮೊದಲಿಂದ ಹೇಳು ಅಂತ ನನ್ನ ಪ್ರಾಣ ತಿಂತಿದ್ದೋಳು ನೀನು. ನಂಗೆ ಲೆಕ್ಕ ತಪ್ಪುತ್ತೆ ಅಂದ್ಕೊಂಡ್ಯಾ? ಬಿಚ್ಚು. ಈಗ ಬರಿ, ಅವನ ಮುಂದೆ."

ಅಪ್ಪ ಮುಖ ಆಚೆ ತಿರುಗಿಸಿದರು. ನಾನು ಕಾಗದವನ್ನು ಮೊಣಕಾಲ ಮೇಲೆ ಬಿಚ್ಚಿದೆ. ಅಂಚಿನಲ್ಲಿ ಉಳಿದ ಜಾಗದಲ್ಲಿ, ಅಜ್ಜಿ ಮತ್ತೊಮ್ಮೆ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ನನ್ನ ಕೈಯನ್ನೇ ನೋಡುತ್ತಿದ್ದ ದೊಡ್ಡಪ್ಪ, ಮಸಿ ಆರುವ ಮೊದಲೇ ಓದಿದರು.

"ಮಾತು ನುಂಗಿದ್ದು ಈ ಹುಡುಗಿ. ನಿಂಗೂ ಮೋಸ ಮಾಡಿದಳು, ನಂಗೂ ಮೋಸ ಮಾಡಿದಳು. ಬೈಯೋದಿದ್ರೆ ಅವಳನ್ನ ಬೈಯಿ, ನನ್ನ ಮೇಲೆ ಮುನಿಸ್ಕೋಬೇಡ."

ಓದಿ, ಕನ್ನಡಕ ತೆಗೆದರು. ಬೈಯಲಿಲ್ಲ. "ಕನ್ನಡಿ ಅಂಗಡಿಗೆ ಒಂದು ತಿಂಗಳು ಅಂತ ಮಾತು ಕೊಟ್ಟಿದೀನಿ, ತಪ್ಪೋಕಾಗಲ್ಲ" ಎಂದರು ಅಪ್ಪನ ಕಡೆಗೆ. "ಹಡಗು ಮುಗಿಸಿಯೇ ಹೋಗ್ತೀನಿ. ತಿಂಗಳಾದ್ಮೇಲೆ ನೋಡೋಣ." ಅಪ್ಪ ಆಗಲಿ ಎಂದು ತಲೆಯಾಡಿಸಿದರು. ಬೇಡ ಎನ್ನುವ ಅಧಿಕಾರ ನಮಗೆ ಯಾರಿಗೂ ಇರಲಿಲ್ಲ.

ಆಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಈ ಸಾಲು ಯಾಕೆ ಬಿಟ್ಟಿದ್ದೆ?" ಎಂದು ಕೇಳಿ, ನಾನು ಕೆಳಗಿಟ್ಟಿದ್ದ ಪೆನ್ನನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಕಾಗದದ ಬೆನ್ನು ಖಾಲಿಯಿತ್ತು. "ನಾಚಿಕೆ" ಎಂದು ಬರೆದೆ. ಅದನ್ನು ನೋಡಿದರು, ನನ್ನನ್ನು ನೋಡಿದರು. ಕೈ ಚಾಚಿ ಕಾಗದ ಇಸಿದುಕೊಳ್ಳಲಿಲ್ಲ. ಅಜ್ಜಿಯೂ ಕಾಯುತ್ತಿದ್ದಳು, ಅವಳಿಗೆ ಓದಿ ಹೇಳಬೇಕಾದವಳೂ ನಾನೇ. ಆ ಪದವನ್ನು ಅಲ್ಲೇ ಬಿಟ್ಟು, ಕೆಳಗಿನ ಸಾಲಿನಲ್ಲಿ "ದೊಡ್ಡಪ್ಪಾ" ಎಂದು ಬರೆದು, ಮೊದಲಿನಿಂದ ಶುರು ಮಾಡಿದೆ.